ಕಾಡಿನಲ್ಲಿ ಒಂಟಿ ರಾತ್ರಿ ಕಳೆದು ಬರುವ ಮಕ್ಕಳಿಗೆ ಹಿರಿಯರು ಏನು ಮಾಡಬೇಕು?

ಪುಣೆಯ ಕನ್ನಡ ಬಳಗದವರು 18 ತುಂಬಿದ ಮಕ್ಕಳನ್ನು ಲೋಣಾವಳ ಬಳಿಯ ರಾಜಮಾಚಿ ಕೋಟೆ ಕಡೆ ಒಂಟಿ ರಾತ್ರಿಗೆ ಕಳಿಸುವುದು ಸುಲಭ, ಕೆಡುವುದು ಬರಮಾಡಿಕೊಳ್ಳುವಲ್ಲಿ. ಜನಪದ ಆಚರಣೆಗಳ ವಿದ್ವಾಂಸ ವಾನ್ ಗೆನೆಪ್ 1909ರಲ್ಲೇ, ಬದುಕಿನ ಒಂದು ಘಟ್ಟದಿಂದ ಇನ್ನೊಂದಕ್ಕೆ ದಾಟಿಸುವ ಆಚರಣೆಗಳಲ್ಲಿ ಬೇರ್ಪಡೆ, ಹೊಸ್ತಿಲು, ಮರುಸೇರ್ಪಡೆ ಎಂದು ಮೂರು ಹಂತ ಗುರುತಿಸಿದ್ದ. ನಮ್ಮವರು ಮೂರನೆಯದನ್ನು ಸೆಲ್ಫಿಯಲ್ಲೇ ಮುಗಿಸುತ್ತಾರೆ.

ರಾತ್ರಿ ಒಂಟಿಯಾಗಿದ್ದರೂ ಪರಸ್ಪರ ಕ್ಷೇಮ ತಿಳಿಯಲು ಇಬ್ಬಿಬ್ಬರಿಗೆ ಒಂದು ಕಲ್ಲುಗುಪ್ಪೆ ಗೊತ್ತುಮಾಡಿ: ಒಬ್ಬರು ಸಂಜೆ, ಇನ್ನೊಬ್ಬರು ಬೆಳಿಗ್ಗೆ ಅಲ್ಲೊಂದು ಕಲ್ಲಿಡಬೇಕು. ಕಲ್ಲು ಕಾಣದಿದ್ದರೆ ಜೊತೆಗಾರರು ಸೀಟಿ ಊದಿ ಕೆಳಗಿರುವ ಹಿರಿಯರನ್ನು ಕರೆಯಬೇಕು. ತಲಾ 4 ಲೀಟರ್ ನೀರು. ಹೊಗೆ, ಸೆಂಟು ಬೇಡ, ಹೆಜ್ಜೇನು ಏಳುತ್ತದೆ.

ಉಪವಾಸವಿದ್ದು ಬಂದವರಿಗೆ ಮೊದಲು ತೆಳು ಗಂಜಿ, ಹೋಳಿಗೆ ಆಮೇಲೆ. ಪ್ರತಿಯೊಬ್ಬರಿಗೂ 15 ನಿಮಿಷ ಅಡ್ಡಮಾತಿಲ್ಲದೆ ಹೇಳಲು ಬಿಡಿ. ಬುದ್ಧಿವಾದ ಶುರುಮಾಡುವ ಅಂಕಲ್‌ಗೆ ಬಡಿಸುವ ಕೆಲಸ ಕೊಡಿ. ಮನೆಯಲ್ಲಿ ಒಂದು ನಿಜವಾದ ಜವಾಬ್ದಾರಿ ವಹಿಸಿ, ತಿಂಗಳ ನಂತರ ಎಲ್ಲರನ್ನೂ ಮತ್ತೆ ಒಂದೆಡೆ ಸೇರಿಸಿ.