ಒಕ್ಕಲೆಬ್ಬಿಸುವ ಮಾತು ಯಾವ ಪುಟದಲ್ಲಿದೆ?

ಸೋಮವಾರಪೇಟೆ ಕಡೆಯ ಕಾಫಿ ಬೆಳೆಗಾರರೊಬ್ಬರು ಕೇಳಿದ್ದಾರೆ: “ಕಸ್ತೂರಿರಂಗನ್ ವರದಿ ಜಾರಿಯಾದರೆ ನಮ್ಮನ್ನು ಒಕ್ಕಲೆಬ್ಬಿಸುತ್ತಾರೆ, ಗದ್ದೆಗೆ ಹೊಂದಿಕೊಂಡ ಬಾಣೆ ಜಾಗ ಕೈಬಿಡುತ್ತದೆ ಎಂದು ಎಲ್ಲ ಪಕ್ಷದವರೂ ಭಾಷಣ ಮಾಡುತ್ತಾರೆ. ಇವರು ವರದಿ ಓದಿಲ್ಲವೋ, ಓದಿಯೂ ತಿರುಚುತ್ತಾರೋ?”

ಮಾನ್ಯರೇ,

ಎರಡೂ ಉಂಟು. ಆದರೆ ನನಗೆ ಹೆಚ್ಚು ಸಿಟ್ಟು ಬರುವುದು ಇನ್ನೊಂದಕ್ಕೆ. ಜನರಿಗೆ ಓದಲು ಕೊಡದೇ ಇದ್ದು, ಆಮೇಲೆ ಅದೇ ಕಾಗದದ ಹೆಸರಲ್ಲಿ ಹೆದರಿಸುವುದು.

ಪಶ್ಚಿಮ ಘಟ್ಟದ ಪರಿಸರ ಉಳಿಸುವ ಬಗೆ ಹೇಳಲು ನೇಮಿಸಿದ್ದ ಮಾಧವ ಗಾಡ್ಗೀಳ್ ಸಮಿತಿ 2011ರ ಆಗಸ್ಟ್‌ನಲ್ಲೇ ವರದಿ ಒಪ್ಪಿಸಿತ್ತು. ಕೇಂದ್ರ ಪರಿಸರ ಸಚಿವಾಲಯ ಅದನ್ನು ಹೊರಬಿಡಲಿಲ್ಲ. ಮಾಹಿತಿ ಹಕ್ಕಿನಡಿ ಕೇಳಿದಾಗ ಕೊಡಿ ಎಂದು ಮಾಹಿತಿ ಆಯೋಗ ಆದೇಶಿಸಿದರೆ, ಸಚಿವಾಲಯ ದೆಹಲಿ ಹೈಕೋರ್ಟ್ ಮೆಟ್ಟಿಲೇರಿತು. ಅಲ್ಲೂ ಸೋತ ಮೇಲೆ, 2012ರ ಮೇನಲ್ಲಿ ವರದಿ ಜನರ ಕಣ್ಣಿಗೆ ಬಿತ್ತು. ಗ್ರಾಮಸಭೆಗಳಲ್ಲಿ ಚರ್ಚೆಯಾಗಲಿ ಎಂದು ಹೇಳಿದ ವರದಿಗೇ ಈ ಗತಿ!

ಆ ವರದಿಯನ್ನು ಪರಿಶೀಲಿಸಲು ನೇಮಿಸಿದ ಕಸ್ತೂರಿರಂಗನ್ ಸಮಿತಿಯ ವರದಿ ಬಂದದ್ದು 2013ರ ಏಪ್ರಿಲ್‌ನಲ್ಲಿ. ಅದನ್ನು ಆಧರಿಸಿದ ಕರಡು ಅಧಿಸೂಚನೆ ತಡೆಯುವುದು ಗಣಿ, ಕಲ್ಲುಕ್ವಾರಿ, ಮರಳುಗಾರಿಕೆ, ಉಷ್ಣ ವಿದ್ಯುತ್ ಸ್ಥಾವರ, ಕೆಂಪು ವರ್ಗದ (ಹೆಚ್ಚು ಮಾಲಿನ್ಯ ಮಾಡುವ) ಕೈಗಾರಿಕೆ, 20,000 ಚದರ ಮೀಟರ್ ಮೀರಿದ ಕಟ್ಟಡಗಳನ್ನು. ನಿಮ್ಮ ಕಾಫಿ, ಮೆಣಸು, ಗದ್ದೆ ಆ ಪಟ್ಟಿಯಲ್ಲಿಲ್ಲ. ಆಸ್ತಿ ಕೈಬದಲಾಯಿಸಲು ನಿರ್ಬಂಧವಿಲ್ಲ ಎಂದೂ ಅದರಲ್ಲಿ ಬರೆದಿದೆ.

ಹಾಗೆಂದು ಜನರ ತಕರಾರು ಪೊಳ್ಳಲ್ಲ. ಒಂದು ಊರಿನ ಶೇ 20ರಷ್ಟು ಭಾಗ ಪರಿಸರ ಸೂಕ್ಷ್ಮವೆಂದು ಉಪಗ್ರಹ ಚಿತ್ರದಲ್ಲಿ ಕಂಡರೆ ಇಡೀ ಊರೇ ಪಟ್ಟಿಗೆ ಸೇರುತ್ತದೆ. ರಾಜ್ಯದಲ್ಲಿ 20,668 ಚದರ ಕಿಲೋಮೀಟರ್ ಹೀಗೆ ಗುರುತಾಗಿದೆ. ಕೊಡಗಿನ 55 ಗ್ರಾಮಗಳು ಅದರಲ್ಲಿವೆ. ಈ ಅಳತೆ ನ್ಯಾಯವೇ ಎಂದು ಕೇಳಲೇಬೇಕು. ಆ ಕೆಲಸಕ್ಕೆ ಊರೂರು ಸುತ್ತಿ ಸರ್ವೆ ನಂಬರ್ ನೋಡಬೇಕಾಗುತ್ತದೆ. ವೇದಿಕೆ ಮೇಲೆ “ಒಕ್ಕಲೆಬ್ಬಿಸುತ್ತಾರೆ” ಎಂದು ಕೂಗಲು ಅದೊಂದೂ ಬೇಡ.

2018ರ ಆಗಸ್ಟ್ ನೆನಪಿಸಿಕೊಳ್ಳಿ. ಮಕ್ಕಂದೂರು, ಜೋಡುಪಾಲ, ಹೆಮ್ಮೆತ್ತಾಳು ಕಡೆ ಗುಡ್ಡ ಜರಿದಾಗ ‘ಮಳೆ ಜಾಸ್ತಿಯಾಯಿತು’ ಎಂದರು. ನಿಜವೇ. ಆದರೆ ರಸ್ತೆಗೆ, ಕಟ್ಟಡಕ್ಕೆ ಇಳಿಜಾರು ಕಡಿದದ್ದೂ ಕಾರಣವೆಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಹೇಳಿತು. ಜೆಸಿಬಿ ತಂದು ನೆಟ್ಟಗೆ ಕಡಿದ ಬರೆ (ಗುಡ್ಡದ ಮಣ್ಣಿನ ಗೋಡೆ), ಅದರ ಬುಡದಲ್ಲಿ ಕಟ್ಟಡ, ನೀರು ಹರಿಯುವ ದಾರಿಗೆ ಅಡ್ಡವಾಗಿ ಸುರಿದ ಮಣ್ಣು, ಇವು ಇಂದಿಗೂ ಮಡಿಕೇರಿ ಸುತ್ತಮುತ್ತ ಯಾರ ಕಣ್ಣಿಗೂ ಬೀಳುತ್ತವೆ. ಮಳೆಯ ಮಾತು ಭಾಷಣಕ್ಕೆ ಬಂತು, ಬರೆಯ ಮಾತು ಬರಲಿಲ್ಲ. ಸುಳ್ಳು ಹೇಳದೆಯೇ ಜನರ ದಾರಿ ತಪ್ಪಿಸಬಹುದು, ಅದು ಹೀಗೆ.

2014ರಿಂದ 2024ರ ಜುಲೈವರೆಗೆ ಈ ಅಧಿಸೂಚನೆಯ ಆರು ಕರಡು ಬಂದವು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ಕಸ್ತೂರಿರಂಗನ್ ವರದಿಯನ್ನೇ ತಿರಸ್ಕರಿಸಿತು. ಪಕ್ಷ ಬದಲಾದರೂ ಕೂಗು ಬದಲಾಗಲಿಲ್ಲ.

ಮುಂದಿನ ಸಲ ನಿಮ್ಮ ಪಂಚಾಯಿತಿಯಲ್ಲಿ ಯಾರಾದರೂ ಈ ಮಾತೆತ್ತಿದರೆ, ಕರಡಿನ ಕನ್ನಡ ಪ್ರತಿ ಕೇಳಿ. ಒಕ್ಕಲೆಬ್ಬಿಸುವ ಸಾಲು ಯಾವ ಪುಟದಲ್ಲಿದೆ, ಗಟ್ಟಿಯಾಗಿ ಓದಿ ಹೇಳಿ ಎನ್ನಿ. ಅವರು ಏನೆಂದರೆಂದು ನಮಗೂ ಬರೆಯಿರಿ, ಪ್ರಕಟಿಸುತ್ತೇವೆ.

– ಸಂ.