ಸಂಪಾದಕರ ಉತ್ತರ: ಮಾಲಿ ಬಾರದ ಆರು ದಿನಗಳು

(ಪತ್ರದ ಸಾರ: ಬೆಂಗಳೂರಿನ ಅಪಾರ್ಟ್‌ಮೆಂಟೊಂದರಲ್ಲಿ ಗುತ್ತಿಗೆದಾರರ ಕೈಕೆಳಗೆ ತೋಟದ ಕೆಲಸ ಮಾಡುತ್ತಿದ್ದ ಓದುಗರೊಬ್ಬರು ಈಗ ಸ್ವಂತವಾಗಿ ನಾಲ್ಕು ಮನೆಗಳ ತಾರಸಿ ತೋಟ ನೋಡಿಕೊಳ್ಳುತ್ತಿದ್ದಾರೆ. ವಾರಕ್ಕೊಮ್ಮೆ ಹೋಗುತ್ತಾರೆ. ಗುಲಾಬಿ ಗಿಡಗಳು ಸತ್ತವೆಂದು ಒಂದು ಮನೆಯವರು ತಿಂಗಳ ಹಣ ಹಿಡಿದಿದ್ದಾರೆ. ಎಷ್ಟು ಕೇಳಬೇಕು, ಮನೆಗಳು ಹೆಚ್ಚುವುದು ಹೇಗೆ, ಇದನ್ನೇ ನಂಬಿ ಸಂಸಾರ ನಡೆಸಬಹುದೆ ಎಂದು ಕೇಳಿದ್ದಾರೆ.)

ನಡೆಸಬಹುದು. ಆದರೆ ದರದ ಮಾತಿಗೆ ಮೊದಲು ಗುಲಾಬಿಯ ಮಾತು ಮುಗಿಸೋಣ. ವಾರಕ್ಕೊಮ್ಮೆ ಹೋಗುವ ಮಾಲಿಯ ಹೆಸರು ಉಳಿಯುವುದೂ ಕೆಡುವುದೂ ಅವನು ಅಲ್ಲಿಲ್ಲದ ಆರು ದಿನಗಳಲ್ಲಿ. ನೀವು ಎಷ್ಟು ಚೆನ್ನಾಗಿ ಸವರಿದರೂ, ಗೊಬ್ಬರ ಕೊಟ್ಟರೂ, ಉಳಿದ ದಿನ ನೀರು ಹಾಕುವ ಕೈ ಯಾರದು ಎಂಬುದು ತೀರ್ಮಾನವಾಗದಿದ್ದರೆ ಗಿಡ ಸಾಯುತ್ತದೆ, ದೂರು ನಿಮ್ಮ ಮೇಲೆ ಬರುತ್ತದೆ.

ಸತ್ತ ಒಂದು ಗುಲಾಬಿಯನ್ನು ಮನೆಯವರ ಎದುರಿಗೇ ಕುಂಡದಿಂದ ಕಳಚಿ ನೋಡಿ. ಬೇರು ಕಪ್ಪಾಗಿ, ಕೊಳೆತ ವಾಸನೆ ಬಂದು, ಸಿಪ್ಪೆ ಬೆರಳಿಗೆ ಜಾರಿ ಬಂದರೆ ನೀರು ನಿಂತು ಸತ್ತಿದೆ. ಕುಂಡದ ಕೆಳಗಿನ ತಟ್ಟೆ ಸದಾ ತುಂಬಿರುವುದು, ತೂತು ಮಣ್ಣಿನಿಂದ ಮುಚ್ಚಿಹೋಗಿರುವುದು, ಮಳೆ ಬಂದ ದಿನವೂ ಕೆಲಸದವರು ಒಂದು ಮಗ್ ಸುರಿಯುವುದು, ಇವೇ ಸಾಮಾನ್ಯ ಕಾರಣ. ಬೇರು ಬೆಳ್ಳಗೆ ಗಟ್ಟಿಯಾಗಿದ್ದು, ಕಡ್ಡಿ ಮಾತ್ರ ತುದಿಯಿಂದ ಕೆಳಕ್ಕೆ ಕಪ್ಪಾಗುತ್ತ ಬಂದಿದ್ದರೆ ಅದು ಡೈಬ್ಯಾಕ್ ರೋಗ. ಆಗ ಸವರಿದವರ ಕಡೆಯೂ ತಪ್ಪಿರಬಹುದು. ಕಪ್ಪಾದ ಭಾಗಕ್ಕಿಂತ ಒಂದೆರಡು ಅಂಗುಲ ಕೆಳಗೆ, ಹಸಿರು ಕಡ್ಡಿಯಲ್ಲಿ ಕತ್ತರಿಸಿ, ಗಾಯಕ್ಕೆ ಕಾಪರ್ ಆಕ್ಸಿಕ್ಲೋರೈಡ್ ಎಂಬ ಶಿಲೀಂಧ್ರನಾಶಕದ ಪೇಸ್ಟ್ ಹಚ್ಚಬೇಕು. ಕಾರಣ ಕಣ್ಣಿಗೆ ಕಂಡ ಮೇಲೆ ಹಣದ ಮಾತು ಸುಲಭವಾಗುತ್ತದೆ.

ನೀರಿನ ವಿಷಯವನ್ನು ಮೊದಲ ದಿನವೇ ಮೂರು ಭಾಗವಾಗಿ ಕೇಳಿ: ಯಾರು ಹಾಕುತ್ತಾರೆ, ಎಲ್ಲಿಯ ನೀರು, ಎಷ್ಟು. ಹನ್ನೆರಡು ಅಂಗುಲದ ಕುಂಡಕ್ಕೆ ಏಪ್ರಿಲ್ ಬಿಸಿಲಿನ ತಾರಸಿಯಲ್ಲಿ ದಿನಕ್ಕೆ 1ರಿಂದ 1.5 ಲೀಟರ್ ಬೇಕು. ಜುಲೈಯಲ್ಲಿ ಅದೇ ಕುಂಡಕ್ಕೆ ಎರಡು ಮೂರು ದಿನ ಏನೂ ಬೇಡದಿರಬಹುದು. ಬೆರಳನ್ನು ಎರಡು ಗೆಣ್ಣು ಮಣ್ಣಿಗೆ ಇಳಿಸಿ, ಒಳಗೆ ಒಣಗಿದ್ದರೆ ಮಾತ್ರ ನೀರು ಎಂಬುದನ್ನು ನೀರು ಹಾಕುವವರಿಗೇ ಕಲಿಸಿ. ಮನೆಯ ಯಜಮಾನರಿಗೆ ಹೇಳಿ ಬಂದರೆ ಆ ಮಾತು ಕೆಲಸದಾಕೆಗೆ ತಲುಪುವುದಿಲ್ಲ.

ನೀರು ಶುದ್ಧ ಮಾಡುವ ಆರ್‌ಒ ಯಂತ್ರದಿಂದ ಹೊರಬೀಳುವ ನೀರನ್ನು ಉಳಿತಾಯವೆಂದು ಗಿಡಕ್ಕೆ ಹಾಕುವ ಮನೆಗಳು ಬಹಳ. ಬೋರ್‌ವೆಲ್ ನೀರಿನ ಉಪ್ಪೆಲ್ಲ ಅದರಲ್ಲಿ ಸೇರಿಕೊಂಡಿರುತ್ತದೆ. ಮಣ್ಣಿನ ಮೇಲೆ ಬಿಳಿ ಪೊರೆ, ಎಲೆಯ ಅಂಚು ಸುಟ್ಟಂತೆ ಕಂದು ಬಣ್ಣ ಕಂಡರೆ ಅದನ್ನೇ ಶಂಕಿಸಿ. ನೀರಿನಲ್ಲಿ ಕರಗಿದ ಉಪ್ಪನ್ನು ಅಳೆಯುವ ಟಿಡಿಎಸ್ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಒಂದನ್ನು ಜೇಬಿನಲ್ಲಿ ಇಟ್ಟುಕೊಳ್ಳಿ. ಮೀಟರಿನಲ್ಲಿ 1,000 ಪಿಪಿಎಂ (ಲೀಟರಿಗೆ ಅಷ್ಟು ಮಿಲಿಗ್ರಾಂ) ದಾಟಿದ ನೀರನ್ನು ಕುಂಡಗಳಿಗೆ ನಿತ್ಯ ಹಾಕಬಾರದು. ಈಗಾಗಲೇ ಹಾಕಿದ್ದರೆ ಮಳೆನೀರನ್ನು ಕುಂಡದ ಅಳತೆಯ ಎರಡರಷ್ಟು ನಿಧಾನವಾಗಿ ಹರಿಸಿ ಉಪ್ಪು ತೊಳೆಯಿರಿ. ಇನ್ನೊಂದು ಎಚ್ಚರ: 2024ರ ಮಾರ್ಚ್‌ನ ನೀರಿನ ಬರದಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡ ಎಂದು ಆದೇಶ ಹೊರಡಿಸಿತ್ತು. ಬೇಸಿಗೆಯಲ್ಲಿ ಇಂಥ ಆದೇಶ ಬಂದಾಗ ಬೇರೆ ನೀರಿನ ದಾರಿ ಹೇಳಬಲ್ಲ ಮಾಲಿಯನ್ನು ಮನೆಯವರು ಬಿಡುವುದಿಲ್ಲ.

ನೀರು ಹಾಕುವವರೇ ಇಲ್ಲದ ಮನೆಯಲ್ಲಿ ಡ್ರಿಪ್ (ಪೈಪಿನಿಂದ ಹನಿಹನಿಯಾಗಿ ನೀರುಣಿಸುವ ಏರ್ಪಾಡು) ಹಾಕಿಕೊಡಿ, ಅದಕ್ಕೆ ಬೇರೆ ಕೂಲಿ ಪಡೆಯಿರಿ. ಗಂಟೆಗೆ 2 ಲೀಟರ್ ಬಿಡುವ ಡ್ರಿಪ್ಪರ್ ಅರ್ಧ ಗಂಟೆಯಲ್ಲಿ 1 ಲೀಟರ್ ಕೊಡಬೇಕು. ತಾರಸಿಯಲ್ಲಿ ಹಾಗಾಗುವುದಿಲ್ಲ. ಆ ಲೆಕ್ಕ ಸುಮಾರು 10 ಮೀಟರ್ ಎತ್ತರದ ಒತ್ತಡಕ್ಕೆ ಸರಿ, ಮನೆಯ ಟ್ಯಾಂಕ್ ಕುಂಡಗಳಿಗಿಂತ ಒಂದೆರಡು ಮೀಟರ್ ಮೇಲಿರುತ್ತದೆ ಅಷ್ಟೆ. ಹಾಗಾಗಿ ತಿರುಗಿಸಿ ಹೊಂದಿಸುವ ಡ್ರಿಪ್ಪರ್ ಹಾಕಿ, ಕೆಳಗೆ ಲೋಟ ಇಟ್ಟು ಅಳೆದು ಸಮಯ ಗೊತ್ತುಮಾಡಿ. ಹೊತ್ತಿಗೆ ಸರಿಯಾಗಿ ನೀರನ್ನು ತಾನೇ ಬಿಟ್ಟು ನಿಲ್ಲಿಸುವ ಟೈಮರ್ ಕೊಳ್ಳುವಾಗ ಬಾಲ್ ವಾಲ್ವ್ (ಗುಂಡು ತಿರುಗಿ ತೆರೆಯುವ ಕವಾಟ) ಇರುವುದನ್ನೇ ಕೇಳಿ ತನ್ನಿ. ವಿದ್ಯುತ್ಕಾಂತದಿಂದ ತೆರೆಯುವ ಸೊಲೆನಾಯ್ಡ್ ವಾಲ್ವಿನ ಟೈಮರ್ ಕಡಿಮೆ ಒತ್ತಡದಲ್ಲಿ ಸರಿಯಾಗಿ ತೆರೆದುಕೊಳ್ಳದು. ಗಡಸು ನೀರಿಗೆ ಫಿಲ್ಟರನ್ನು ವಾರವಾರ ತೊಳೆಯಬೇಕು, ತಿಂಗಳಿಗೊಮ್ಮೆ ಪೈಪಿನ ತುದಿ ಬಿಚ್ಚಿ ನೀರು ಹಾಯಿಸಬೇಕು.

ಇನ್ನು ದರ. ಪಕ್ಕದ ಬೀದಿಯ ಮಾಲಿ ಎಷ್ಟು ತೆಗೆದುಕೊಳ್ಳುತ್ತಾನೆ ಎಂದು ನೋಡಿ ಹೇಳಬೇಡಿ, ನಿಮ್ಮ ಖರ್ಚಿನಿಂದ ಲೆಕ್ಕ ಹಾಕಿ. ಉದಾಹರಣೆಗೆ ಮನೆಖರ್ಚಿಗೆ 24,000, ಪೆಟ್ರೋಲ್ ಮತ್ತು ಫೋನಿಗೆ 2,500, ಸಲಕರಣೆಗೆ 1,500, ಕಾಯಿಲೆ ಬಿದ್ದ ದಿನಗಳಿಗೆ ಎತ್ತಿಡಲು 2,000, ಒಟ್ಟು 30,000 ರೂಪಾಯಿ. ತಿಂಗಳಿಗೆ 25 ದಿನ ದುಡಿದರೂ ಓಡಾಟ ಕಳೆದು ಕೂಲಿ ಸಿಗುವುದು ದಿನಕ್ಕೆ ಆರು ಗಂಟೆಗೆ ಮಾತ್ರ. 150 ಗಂಟೆ, ಗಂಟೆಗೆ 200 ರೂಪಾಯಿ. ವಾರಕ್ಕೊಮ್ಮೆ ಎರಡು ಗಂಟೆ ಬೇಡುವ ಮನೆಗೆ ತಿಂಗಳಿಗೆ 1,600. ಹಾಗೆ 18–19 ಮನೆ ಬೇಕು, ದಿನಕ್ಕೆ ಮೂರು. ನಿಮ್ಮ ಅಂಕಿಗಳನ್ನು ಹಾಕಿ ಇದನ್ನೇ ಮತ್ತೆ ಮಾಡಿ. ಒಂದು ದಿನದ ಮೂರೂ ಮನೆ ಒಂದೇ ಬಡಾವಣೆಯಲ್ಲಿ ಇರಲಿ. ಜಯನಗರದಲ್ಲಿ ಒಂದು, ಹೆಬ್ಬಾಳದಲ್ಲಿ ಇನ್ನೊಂದು ಹಿಡಿದರೆ ಟ್ರಾಫಿಕ್ಕೇ ಒಂದು ಮನೆಯ ಕೂಲಿ ನುಂಗುತ್ತದೆ.

ತಿಂಗಳ ಹಣದಲ್ಲಿ ಏನು ಸೇರಿದೆ, ಏನು ಇಲ್ಲ ಎಂಬುದನ್ನು ವಾಟ್ಸ್‌ಆ್ಯಪ್‌ನಲ್ಲಾದರೂ ಬರೆದು ಕಳಿಸಿ. ಸವರುವುದು, ಕಳೆ, ಗೊಬ್ಬರ ಕೊಡುವುದು, ರೋಗ ನೋಡುವುದು ಸೇರಿದೆ. ಕುಂಡ ಬದಲಿಸುವುದು, ಹೊಸ ಗಿಡ, ಮರ ಹತ್ತುವುದು ಸೇರಿಲ್ಲ. ದಿನದ ನೀರು ಮನೆಯವರದು. ಸಾಮಾನಿನ ಬಿಲ್ ಬೇರೆ ಕೊಡಿ. ನರ್ಸರಿಯಿಂದ ತಂದುಕೊಡುವ ಶ್ರಮಕ್ಕೆ ಶೇ. 10–15 ಸೇರಿಸುವುದು ನ್ಯಾಯವೇ, ಆದರೆ ಅದನ್ನು ಬಿಲ್ಲಿನಲ್ಲಿ ತೋರಿಸಿ. ಮುಚ್ಚಿಟ್ಟ ಲಾಭ ಒಂದು ದಿನ ಗೊತ್ತಾಗುತ್ತದೆ, ಮನೆ ಕೈತಪ್ಪುತ್ತದೆ. ಮೊದಲ ಭೇಟಿಯಲ್ಲಿ ಪ್ರತಿ ಕುಂಡದ ಫೋಟೊ ತೆಗೆದು ಅವರಿಗೂ ಕಳಿಸಿ. ಆಗಲೇ ಸೊರಗಿದ್ದ ಗಿಡ ಯಾವುದೆಂಬ ಜಗಳ ಅಲ್ಲಿಗೇ ತೀರುತ್ತದೆ.

ಕುಂಡ ಬದಲಿಸುವ ಕೆಲಸಕ್ಕೆ ಅಂದಾಜು ಕೊಡುವುದು ಹೀಗೆ. ಹನ್ನೆರಡು ಅಂಗುಲದ ಕುಂಡಕ್ಕೆ ಸುಮಾರು 15 ಲೀಟರ್ ಮಿಶ್ರಣ ಬೇಕು. ಇಪ್ಪತ್ತು ಕುಂಡಕ್ಕೆ 300 ಲೀಟರ್: ಕೆಮ್ಮಣ್ಣು, ಎರೆಗೊಬ್ಬರ, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತಲಾ 100 ಲೀಟರ್. ಐದು ಕೆಜಿಯ ಕೋಕೋಪೀಟ್ ಇಟ್ಟಿಗೆ ನೆನೆದರೆ 60–70 ಲೀಟರ್ ಆಗುತ್ತದೆ, ಎರಡು ಸಾಕು. ಅದನ್ನು ಎರಡು ಸಲ ತೊಳೆದು ಹಿಂಡಿ ಬಳಸಿ, ಇಲ್ಲದಿದ್ದರೆ ನಾರಿನ ಉಪ್ಪು ಎಳೆ ಬೇರನ್ನು ಸುಡುತ್ತದೆ. ಬೇವಿನ ಹಿಂಡಿ ಕುಂಡಕ್ಕೆ 50 ಗ್ರಾಂನಂತೆ ಒಂದು ಕೆಜಿ. ತಾರಸಿಯ ಮೇಲೆ ಮಣ್ಣು ಹರಡಿ ಹುಲ್ಲುಹಾಸು ಮಾಡಿಕೊಡಿ ಎಂದು ಕೇಳುವವರೂ ಸಿಗುತ್ತಾರೆ. ಒದ್ದೆ ಕೆಮ್ಮಣ್ಣು ಅರ್ಧ ಅಡಿ ದಪ್ಪವಿದ್ದರೇ ಚದರ ಮೀಟರಿಗೆ 250 ಕೆಜಿ ದಾಟುತ್ತದೆ. ಓಡಾಡುವ ತಾರಸಿಗೆ, ಕಟ್ಟಡಗಳು ಹೊರಬೇಕಾದ ಭಾರವನ್ನು ಹೇಳುವ ಭಾರತೀಯ ಮಾನಕ ಐಎಸ್ 875 ಲೆಕ್ಕಕ್ಕೆ ಹಿಡಿಯುವ ಹೊರೆ ಚದರ ಮೀಟರಿಗೆ 150 ಕೆಜಿ. ಎಂಜಿನಿಯರ್ ಬರೆದುಕೊಡದೆ ಆ ಕೆಲಸ ಒಪ್ಪಲೇಬೇಡಿ.

ಸಲಕರಣೆ ಕಡಿಮೆ ಇರಲಿ, ಒಳ್ಳೆಯವಿರಲಿ. ಕತ್ತರಿಯಂತೆ ಅಲಗಿನ ಪಕ್ಕ ಅಲಗು ಹಾಯುವ ಸಿಕೇಚರ್ (ಕಡ್ಡಿ ಸವರುವ ಕೈಕತ್ತರಿ) ಕೊಳ್ಳಿ. ಅಲಗು ಚಪ್ಪಟೆ ಪಟ್ಟಿಯ ಮೇಲೆ ಬಂದು ಕೂರುವ ಬಗೆಯದು ಹಸಿ ಕಡ್ಡಿಯನ್ನು ಜಜ್ಜುತ್ತದೆ, ಜಜ್ಜಿದ ಕಡೆಯೇ ರೋಗ ಹೊಗುತ್ತದೆ. ಸಣ್ಣ ಗರಗಸ, ಕುರ್ಪಿ, ಎರಡು ಲೀಟರ್ ಸ್ಪ್ರೇಯರ್, ಸಾಣೆಕಲ್ಲು, ಸ್ಪಿರಿಟ್ ಬಾಟಲಿ, ಇಷ್ಟು ಒಂದು ಚೀಲದಲ್ಲಿ ಹಿಡಿಯುತ್ತವೆ. ಸ್ಪಿರಿಟ್‌ನಿಂದ ಅಲಗು ಒರೆಸದೆ ಮುಂದಿನ ಮನೆಗೆ ಹೋಗಬೇಡಿ. ದಾಸವಾಳಕ್ಕೆ ಬಿಳಿ ಹಿಟ್ಟಿನಂತೆ ಅಂಟಿ ರಸ ಹೀರುವ ಹಿಟ್ಟು ತಿಗಣೆ ಒಂದು ಮನೆಯಿಂದ ಇನ್ನೊಂದಕ್ಕೆ ಮಾಲಿಯ ಕೈ, ಬಟ್ಟೆ, ಕತ್ತರಿಯಿಂದಲೇ ಹೋಗಬಲ್ಲದು. ಆದ್ದರಿಂದ ತಿಗಣೆ ಇರುವ ಮನೆಯನ್ನು ದಿನದ ಕೊನೆಗೆ ಇಟ್ಟುಕೊಳ್ಳಿ. ಹೆಚ್ಚು ಹತ್ತಿದ ರೆಂಬೆ ಕತ್ತರಿಸಿ ಕವರಿನಲ್ಲಿ ಕಟ್ಟಿ ಎಸೆಯಿರಿ. ಲೀಟರ್ ನೀರಿಗೆ 5 ಎಂಎಲ್ ಬೇವಿನೆಣ್ಣೆ, 2 ಎಂಎಲ್ ಸೋಪಿನ ದ್ರಾವಣ ಕದಡಿ ಸಂಜೆ ಹೊತ್ತು ಸಿಂಪಡಿಸಿ, ವಾರಕ್ಕೊಮ್ಮೆಯಂತೆ ಮೂರು ಸಲ. ಇರುವೆ ಸಾಲನ್ನು ಬಿಟ್ಟರೆ ತಿಗಣೆ ಮತ್ತೆ ಬರುತ್ತದೆ, ತಿಗಣೆ ಹೊರಬಿಡುವ ಸಿಹಿ ಅಂಟಿಗಾಗಿ ಇರುವೆ ಅದನ್ನು ಕಾಯುತ್ತದೆ.

ಮರದ ವಿಷಯದಲ್ಲಿ ಮುಲಾಜು ಬೇಡ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ವಿನಾಯಿತಿ ಇರುವ ಕೆಲವು ಜಾತಿ ಬಿಟ್ಟು, ಸ್ವಂತ ಸೈಟಿನ ಮರ ಕಡಿಯಲೂ ವೃಕ್ಷಾಧಿಕಾರಿಯ ಅನುಮತಿ ಬೇಕು. ಮನೆಯವರು ಹೇಳಿದರೆಂದು ಕಡಿದರೆ ಕೊಡಲಿ ಹಿಡಿದವರೂ ಸಿಕ್ಕಿಬೀಳುತ್ತಾರೆ. ಏಣಿಯ ಕೆಲಸವಿರುವ ನಿಮಗೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಇರಲಿ. ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸಾವು ಅಥವಾ ಪೂರ್ಣ ಅಂಗವೈಕಲ್ಯಕ್ಕೆ 2 ಲಕ್ಷ.

ಮನೆಗಳು ಹೆಚ್ಚುವುದು ಈಗಿರುವ ನಾಲ್ಕು ಮನೆಗಳಿಂದಲೇ. ಆ ಬೀದಿಗಳ ಆಸುಪಾಸಿನ ನರ್ಸರಿಯವರಿಗೆ ನಿಮ್ಮ ನಂಬರ್ ಕೊಟ್ಟಿರಿ, ಗಿಡ ಕೊಂಡವರು ಮಾಲಿ ಇದ್ದಾರೆಯೇ ಎಂದು ಮೊದಲು ಕೇಳುವುದು ಅವರನ್ನೇ. ಹದಿನೆಂಟು ಮನೆಗಳನ್ನು ಒಂದೇ ತಿಂಗಳಲ್ಲಿ ಹಿಡಿಯಬೇಡಿ, ತಿಂಗಳಿಗೆ ಎರಡು ಸಾಕು. ಅದರಲ್ಲೂ ಮಾರ್ಚ್, ಏಪ್ರಿಲ್‌ನಲ್ಲಿ ಹೊಸ ಮನೆ ಒಪ್ಪುವ ಮುನ್ನ ನೀರಿನ ಏರ್ಪಾಡು ಕಣ್ಣಾರೆ ನೋಡಿ. ಹತ್ತು ಮನೆ ದಾಟುವ ಹೊತ್ತಿಗೆ ನಿಮ್ಮಂತೆಯೇ ಸ್ವಂತವಾಗಿ ದುಡಿಯುವ ಇನ್ನೊಬ್ಬ ಮಾಲಿಯೊಂದಿಗೆ ಒಪ್ಪಂದ ಮಾಡಿಕೊಳ್ಳಿ: ಜ್ವರ ಬಂದರೆ, ಊರಿನ ಜಾತ್ರೆಗೆ ಹೋದರೆ ನಿಮ್ಮ ಮನೆಗಳಿಗೆ ಅವರು, ಅವರ ಮನೆಗಳಿಗೆ ನೀವು. ಆ ದಿನದ ಕೂಲಿ ಹೋದವರಿಗೇ ಸೇರಲಿ, ಯಾರು ಬರುತ್ತಾರೆಂದು ಮನೆಯವರಿಗೆ ಹಿಂದಿನ ದಿನವೇ ತಿಳಿಸಿ.