ಮೆಡಿಕಲ್ ಶಾಪ್ ಹುಡುಗರಿಗೆ ಒಂದು ದಿನದ ಫಸ್ಟ್ ಏಡ್ ಕೋರ್ಸ್ ಸಾಕಾ?

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಮೆಡಿಕಲ್ ಇಟ್ಟಿದ್ದೀರಿ, ಕೌಂಟರಿನಲ್ಲಿ ನಾಲ್ಕು ಹುಡುಗರು, ಒಂದು ದಿನದ ಕೋರ್ಸಿಗೆ ಕಳಿಸಿದರೆ ಆಗುತ್ತಾ ಅಂತ ಕೇಳಿದ್ದೀರಿ. ಕಳಿಸಿ, ಆದರೆ ಅಷ್ಟಕ್ಕೇ ಬಿಡಬೇಡಿ. ರೆಡ್ ಕ್ರಾಸ್, ಸೇಂಟ್ ಜಾನ್ ಆಂಬುಲೆನ್ಸ್‌ನವರು ಕಲಿಸೋದು ಎಲ್ಲರಿಗೂ ಬೇಕಾದ ಪಾಠ. ಔಷಧಿ ಅಂಗಡಿಯ ಎಡವಟ್ಟೇ ಬೇರೆ: ಯಾರಿಗೆ ಏನೇ ಆಗಲಿ, ಕೈ ಮೊದಲು ಹೋಗೋದು ಮಾತ್ರೆ ಸ್ಟ್ರಿಪ್ ಕಡೆಗೆ.

ಎದೆನೋವು ಅಂತ ಬಂದವರಿಗೆ ಹುಡುಗ ಸಾರ್ಬಿಟ್ರೇಟ್ (ರಕ್ತನಾಳ ಹಿಗ್ಗಿಸಿ ಬಿಪಿಯನ್ನೂ ಇಳಿಸೋ ಎದೆನೋವಿನ ಮಾತ್ರೆ) ತೆಗೆದು ನಾಲಿಗೆ ಕೆಳಗೆ ಇಡಿಸಿಬಿಡ್ತಾನೆ. ಬಿಪಿ ಆಗಲೇ ಇಳಿದಿದ್ದರೆ, ಅಥವಾ ಅವರು 24 ಗಂಟೆಯೊಳಗೆ ಸಿಲ್ಡೆನಾಫಿಲ್ (ಅಂದರೆ ವಯಾಗ್ರ; ಅದೇ ಥರದ ಟಡಲಾಫಿಲ್ ಆದರೆ 48 ಗಂಟೆ) ತಗೊಂಡಿದ್ದರೆ ಅಲ್ಲೇ ಕುಸಿಯಬಹುದು. ನಾಲ್ಕು ಜನರ ಎದುರು ಅದನ್ನ ಯಾರೂ ಬಾಯಿಬಿಡಲ್ಲ ಬೇರೆ. ಒರಗಿಸಿ ಕೂರಿಸಿ, ನಡೆಸಬೇಡಿ, ಆಂಬುಲೆನ್ಸಿಗೆ 108ಕ್ಕೆ ಫೋನ್ ಮಾಡಿ. ಆಸ್ಪಿರಿನ್ 300 ಮಿ.ಗ್ರಾಂ ಜಗಿಸಬೇಕೋ ಬೇಡವೋ ಅನ್ನೋದನ್ನ ಫಾರ್ಮಸಿಸ್ಟ್ ನಿರ್ಧರಿಸಲಿ, ಅದೂ ಅಲರ್ಜಿ, ಅಲ್ಸರ್, ರಕ್ತಸ್ರಾವ ಕೇಳಿಕೊಂಡು. ಬಾಯಿ ಸೊಟ್ಟಗಾಗಿದ್ದರೆ, ಮಾತು ತೊದಲುತ್ತಿದ್ದರೆ ಅದು ಪಾರ್ಶ್ವವಾಯು ಇರಬಹುದು, ಆಸ್ಪಿರಿನ್ ಬೇಡವೇ ಬೇಡ.

ಕೌಂಟರಿನಲ್ಲಿ ಇನ್ನೂ ಹೆಚ್ಚು ಕಾಣೋದು ಶುಗರ್ ಇಳಿಯೋದು. ಬೆವರು, ನಡುಕ, ಅಸಂಬದ್ಧ ಮಾತು. ಮೀಟರಿನಲ್ಲಿ 70ಕ್ಕಿಂತ ಕಡಿಮೆ ಇದ್ದು ಎಚ್ಚರವಿದ್ದರೆ 15 ಗ್ರಾಂ ಗ್ಲೂಕೋಸ್, ಅಂದರೆ ಸುಮಾರು ಮೂರು ತುಂಬು ಟೀ ಚಮಚ, ಅರ್ಧ ಲೋಟ ನೀರಿನಲ್ಲಿ. 15 ನಿಮಿಷ ಬಿಟ್ಟು ಮತ್ತೆ ಚೆಕ್ ಮಾಡಿ, ಏರದಿದ್ದರೆ ಇನ್ನೊಮ್ಮೆ ಅಷ್ಟೇ. ಚಾಕೊಲೇಟ್ ಬೇಡ, ಅದರ ಕೊಬ್ಬು ಸಕ್ಕರೆಯನ್ನು ತಡೆದು ನಿಧಾನ ಮಾಡುತ್ತೆ. ವೋಗ್ಲಿಬೋಸ್ (ಸಕ್ಕರೆ ನಿಧಾನವಾಗಿ ರಕ್ತ ಸೇರೋ ಹಾಗೆ ಮಾಡೋ ಶುಗರ್ ಮಾತ್ರೆ) ತಗೊಳ್ಳೋರಿಗೆ ಮನೆ ಸಕ್ಕರೆಯೂ ಬೇಗ ಕೆಲಸ ಮಾಡಲ್ಲ, ಗ್ಲೂಕೋಸೇ ಬೇಕು. ಗ್ಲಿಮೆಪಿರೈಡ್ ಅನ್ನೋ ಶುಗರ್ ಮಾತ್ರೆ ತಗೊಳ್ಳೋರಿಗೆ ಸರಿಯಾದ ಮೇಲೂ ಕೆಲವು ಗಂಟೆಗಳಲ್ಲಿ ಮತ್ತೆ ಇಳಿಯಬಹುದು, ಒಬ್ಬರನ್ನೇ ಲೋಕಲ್ ಹತ್ತಿಸಿ ಕಳಿಸಬೇಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು, ನೀರೂ. ಒಂದು ಪಕ್ಕಕ್ಕೆ ಮಲಗಿಸಿ 108. ಅಂದಹಾಗೆ, ಮಳೆಗಾಲದಲ್ಲಿ ಶುಗರ್ ಮೀಟರಿನ ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಇಲ್ಲಿನ ತೇವಕ್ಕೆ ಸ್ಟ್ರಿಪ್ ಹಾಳಾಗಿ ರೀಡಿಂಗ್ ನಂಬೋ ಹಾಗಿರಲ್ಲ. ಬೆರಳಿಗೆ ಗ್ಲೂಕೋಸ್ ಪುಡಿ ಅಂಟಿದ್ದರೂ ಸುಳ್ಳೇ ಜಾಸ್ತಿ ತೋರಿಸುತ್ತೆ.

ಸಿಪಿಆರ್ (ಹೃದಯ ನಿಂತವರ ಎದೆ ಒತ್ತೋದು) ಮಾತ್ರ ವಿಡಿಯೋ ನೋಡಿ ಬರಲ್ಲ, ಗೊಂಬೆ ಮೇಲೆ ಒತ್ತಲೇಬೇಕು. ನಿಮಿಷಕ್ಕೆ 100ರಿಂದ 120, ಆಳ 5–6 ಸೆಂ.ಮೀ., ಪ್ರತಿಸಲ ಎದೆ ಪೂರ್ತಿ ಮೇಲೆ ಬರಬೇಕು. ಹೊಸಬರು ಮೊಣಕೈ ಮಡಚಿ ಮೆತ್ತಗೆ ಒತ್ತುತ್ತಾರೆ. ಸುಸ್ತಾದರೆ ಆಳ ಕಡಿಮೆಯಾಗುತ್ತೆ, ಹಾಗಾಗಿ ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಲಿ. ಕೌಂಟರಿನೊಳಗೆ ಮಲಗಿಸೋಕೆ ಜಾಗವಿರಲ್ಲ, ಹೊರಗೆ ಎಲ್ಲಿ ಅಂತ ಈಗಲೇ ಗೊತ್ತು ಮಾಡಿಕೊಳ್ಳಿ. ಕಲಿತದ್ದು ಕೆಲವೇ ತಿಂಗಳಲ್ಲಿ ಮರೆತುಹೋಗುತ್ತೆ. ಮೂರು ತಿಂಗಳಿಗೊಮ್ಮೆ ಮಧ್ಯಾಹ್ನ ಗಿರಾಕಿ ಕಡಿಮೆ ಇರುವಾಗ ಹತ್ತು ನಿಮಿಷ ಅಭ್ಯಾಸ ಮಾಡಿಸಿ.

ಫೋನ್ ಮಾಡೋದೂ ಅದರಲ್ಲೇ ಬರಲಿ. ಅಂಗಡಿ ವಿಳಾಸ, ಹತ್ತಿರದ ಗುರುತು, ಸ್ಟೇಷನ್ನಿನ ಈಸ್ಟೋ ವೆಸ್ಟೋ, ಎಲ್ಲ ಮರಾಠಿಯಲ್ಲಿ ಬರೆದು ಬಿಲ್ಲಿಂಗ್ ಕಂಪ್ಯೂಟರ್ ಪಕ್ಕ ಅಂಟಿಸಿ. ಊರಿಂದ ಹೊಸದಾಗಿ ಬಂದ ಹುಡುಗನೂ ತಡವರಿಸದೆ ಓದಿ ಹೇಳಬಹುದು.